ಕ್ಯಾಸನೂರಿನ ಮಂಗಗಳು

ನಮ್ಮ ಆದವಾನಿ ಸೀಮೆಯಲ್ಲಿ ದಟ್ಟಡವಿಯಿಲ್ಲ. ಎರೆಹೊಲ, ಹತ್ತಿ, ಬೋಳು ಗುಡ್ಡ ಇವೇ ನಮ್ಮ ಮಕ್ಕಳು ಬಲ್ಲ ಭೂಗೋಳ. ಆದುದರಿಂದ ಮಲೆನಾಡಿನ ಕಾಡೊಂದರ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಹೊಕ್ಕ ಬಗೆಯನ್ನು ತರಗತಿಯಲ್ಲಿ ಹೇಳುವಾಗ ನಾವು ಉಣ್ಣಿಯಿಂದ ಆರಂಭಿಸುವುದು ಲೇಸು. ಕರುವಿನ ಕಿವಿಯಿಂದ ಉಣ್ಣಿ ಕಿತ್ತೊಗೆಯದ ಹುಡುಗನು ನಮ್ಮ ಹಳ್ಳಿಗಳಲ್ಲಿ ಇರಲಾರನಷ್ಟೆ.

1957ರ ಬೇಸಿಗೆ. ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳತೊಡಗಿದವು. ಸುತ್ತಣ ಹಳ್ಳಿಗಳಲ್ಲಿ ಜನರಿಗೆ ಥಟ್ಟನೆ ಜ್ವರ, ತಲೆಸಿಡಿತ, ಮೈಕೈ ನೋವು. ಕೆಲವರಿಗೆ ರಕ್ತಸ್ರಾವವಾಗಿ ಮರಣ. ಸೌದೆಗೂ ತರಗೆಲೆಗೂ ಕಾಡು ಹೊಗುವ ಆ ಜನರು ಎರಡು ಸಾವುಗಳನ್ನೂ ಕೂಡಿಸಿ ನೋಡಿ ಇದನ್ನು 'ಮಂಗನ ಕಾಯಿಲೆ' ಎಂದು ಕರೆದರು. ಶೋಧನೆಯ ಅರ್ಧಭಾಗ ಆ ಹೆಸರಿನಲ್ಲಿಯೇ ಇತ್ತೆಂದು ನಾವು ಎಣಿಸುತ್ತೇವೆ.

ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾದ ವೈರಸ್ ಸಂಶೋಧನ ಕೇಂದ್ರದವರಿಗೆ ಮೊದಲು ಹುಟ್ಟಿದ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದಲ್ಲಿ ಮಂಗಗಳ ಸಾವು ಆ ಜ್ವರದ ಮುನ್ಸೂಚನೆ. ಭಾರತಕ್ಕೆ ಅದು ಎಂದೂ ಕಾಲಿಟ್ಟಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಇಲ್ಲಿ ಧಾರಾಳವಾಗಿತ್ತು! ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮೊದಲಾದವರು ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಸ್ಸನ್ನು ಬೇರ್ಪಡಿಸಿ ನೋಡಲಾಗಿ, ಅದು ರಷ್ಯದ ಕಾಡುಗಳಲ್ಲಿ ಉಣ್ಣಿಯಿಂದ ಹರಡುವ ಮಿದುಳು ಜ್ವರದ ವೈರಸ್ಸಿಗೆ ದಾಯಾದಿಯೆಂದು ತಿಳಿಯಿತು. ಉತ್ತರದಿಂದ ವಲಸೆ ಬರುವ ಹಕ್ಕಿಗಳು ಅದನ್ನು ಹೊತ್ತು ತಂದವೋ ಎಂಬ ಶಂಕೆಯಿಂದ, ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಬಹುಕಾಲ ಪರೀಕ್ಷೆ ನಡೆಯಿತು. ಶಂಕೆ ರುಜುವಾತಾಗಲಿಲ್ಲ. ಹಕ್ಕಿಗಳ ವಿಷಯದಲ್ಲಿ ನಮ್ಮ ತಿಳಿವು ಹೆಚ್ಚಿತು, ಅಷ್ಟೇ ಲಾಭ.

ಕಳ್ಳನು ಕಾಡಿನಲ್ಲಿಯೇ ಇದ್ದನು. ಎಳೆಯ ಉಣ್ಣಿ ರೋಗದ ಮಂಗನ ರಕ್ತ ಕುಡಿದು ಕೆಳಗುದುರುತ್ತದೆ. ಪೊರೆ ಕಳಚಿ ಬೆಳೆದು, ಮತ್ತೆ ಹಸಿದು, ಮುಂದೆ ಅಲ್ಲಿ ನಡೆದು ಹೋಗುವವನನ್ನು ಕಚ್ಚುತ್ತದೆ. ಮಂಗ ಸತ್ತ ಜಾಗವೇ ಆದುದರಿಂದ ಅಪಾಯದ ಜಾಗ. ಆದರೆ ಮನುಷ್ಯನಿಂದ ಮನುಷ್ಯನಿಗೆ ಇದು ಅಂಟದು. ಬಲಿತ ಉಣ್ಣಿಗೆ ಬೇಕಾದುದು ದನ. ಇಲ್ಲಿಯೇ ಹೋರ್ಹೆ ಬೊಶೆಲ್ 1969ರಲ್ಲಿ ಮುಂದಿಟ್ಟ ವಿಚಾರ ನಮಗೆ ಬಹಳ ಮುಖ್ಯವಾಗಿ ತೋರುತ್ತದೆ: ಕಾಡು ಕಡಿದು ಗದ್ದೆ ಮಾಡಿ, ಉಳಿದ ಕಾಡಿಗೆ ದನ ಹೊಡೆದುದರಿಂದ ಉಣ್ಣಿ ಅಪಾರವಾಗಿ ಹೆಚ್ಚಿತು, ಮರೆಯಲ್ಲಿದ್ದ ರೋಗ ಊರ ಬಾಗಿಲಿಗೆ ಬಂದಿತು. 1980ರ ದಶಕದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಪಿಗಾಗಿ ಕಾಡು ಕಡಿದ ಮೇಲೆ ಕಾಯಿಲೆ ಅಲ್ಲಿಯೂ ಎದ್ದಿತು.

ಬಹುಕಾಲ ಕೊಡುತ್ತಿದ್ದ ಲಸಿಕೆಯ ಬಲ ಸಾಲದೆಂದು ಕಂಡು ಅದನ್ನು ನಿಲ್ಲಿಸಲಾಯಿತು. 2012ರ ಬಳಿಕ ಬಂಡೀಪುರ, ವಯನಾಡು, ಗೋವೆಗಳಲ್ಲಿ ಕಾಯಿಲೆ ತಲೆದೋರಿದೆ. ಮಲೆನಾಡಿನಲ್ಲಿ ಇಂದಿಗೂ ಕಾಡಿನಲ್ಲಿ ಸತ್ತ ಮಂಗ ಕಂಡರೆ ಮೊದಲು ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸುತ್ತಾರೆ.