ಬಳೆಗಾರರ ಕುಲದ ಕವಿಯೂ ಗದಾಯುದ್ಧದ ಕರ್ಣನೂ

ಕ್ರಿ.ಶ. 949ರಲ್ಲಿ ಜನಿಸಿದ ರನ್ನಕವಿಯು ತನ್ನ ಹುಟ್ಟನ್ನು ಎಲ್ಲಿಯೂ ಮರೆಮಾಚಿದವನಲ್ಲ. ತಾನು ಬಳೆಗಾರರ ಕುಲದವನೆಂದೂ, ತಂದೆ ಜಿನವಲ್ಲಭನೆಂದೂ, ತಾಯಿ ಅಬ್ಬಲಬ್ಬೆಯೆಂದೂ, ಜಂಬುಖಂಡಿ ಎಪ್ಪತ್ತರ ಮುದುವೊಳಲು ತನ್ನ ಊರೆಂದೂ ಅಜಿತಪುರಾಣದಲ್ಲಿ ಹೇಳಿಕೊಂಡಿರುವನು. ಆ ಮುದುವೊಳಲೇ ಇಂದಿನ ಮುಧೋಳ, ಜಂಬುಖಂಡಿಯೇ ಜಮಖಂಡಿ. ಬೆಳುಗಲಿ ನಾಡಿನ ಹೆಸರು ರನ್ನ ಬೆಳಗಲಿಯಲ್ಲಿ ಇಂದಿಗೂ ನಿಂತಿದೆ.

ಹೆಗಲ ಮೇಲೆ ಮಲಾರವನ್ನು ಹೊತ್ತು ಊರೂರು ತಿರುಗುವವರ ಮನೆಯಲ್ಲಿ ವ್ಯಾಕರಣ ಕಾವ್ಯಗಳಿಗೆ ಅವಕಾಶವೆಲ್ಲಿ? ಪಂಪನಿಗೆ ವಿದ್ವಾಂಸರ ವಂಶವಿತ್ತು. ಈ ಬಾಲಕನಿಗೆ ಅದೂ ಇರಲಿಲ್ಲ. ಬಳೆ ಮಾರುವವನಿಗೆ ವಿದ್ಯೆಯೇಕೆಂದು ಗುರುಗಳು ಹಿಂದಟ್ಟಿದರೆಂಬುದು ಕೇವಲ ಜನಶ್ರುತಿ. ಆದರೆ ಊರನ್ನು ಬಿಟ್ಟು ದೂರದ ಗಂಗರ ನಾಡಿಗೆ ಹೋದುದೂ, ಅಜಿತಸೇನಾಚಾರ್ಯರು ಗುರುಗಳಾದುದೂ, ಚಾವುಂಡರಾಯನು ಆಶ್ರಯವಿತ್ತುದೂ ನಿಜ. ಮೊದಲು ಸಾಮಂತರಿಂದ, ಬಳಿಕ ಮಂಡಲೇಶ್ವರರಿಂದ, ಕಡೆಗೆ ಚಕ್ರವರ್ತಿಯಿಂದ ತನಗೆ ಏಳಿಗೆಯಾಯಿತೆಂದು ಕವಿಯು ಮೆಟ್ಟಿಲು ಮೆಟ್ಟಿಲಾಗಿ ಎಣಿಸುವನು. ಹುಟ್ಟಿನಿಂದಲೇ ಮೇಲಿದ್ದವನು ಮೆಟ್ಟಿಲುಗಳನ್ನು ಎಣಿಸುವುದಿಲ್ಲ.

ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ಚರಿತ್ರೆಯು ಇಲ್ಲಿ ಸ್ಮರಣೀಯವಾಗಿದೆ. 1824ರಲ್ಲಿ ತಂದೆಯು ಸಾಲಕ್ಕಾಗಿ ಮಾರ್ಷಲ್‌ಸೀ ಸೆರೆಮನೆಯನ್ನು ಸೇರಲು, ಹನ್ನೆರಡು ವರ್ಷದ ಆ ಹುಡುಗನು ಬೂಟಿನ ಮಸಿಯ ಕಾರಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದನು. ಆ ಅವಮಾನವು ಕಾಲು ಶತಮಾನ ಒಳಗೇ ಬೆಂದು, 1849-50ರ ‘ಡೇವಿಡ್ ಕಾಪರ್‌ಫೀಲ್ಡ್’ ಕಾದಂಬರಿಯಲ್ಲಿ ಹೊರಬಂದಿತು. ನಮ್ಮ ಪ್ರಾಚೀನ ಕವಿಗೆ ಸ್ವಂತ ಬಾಲ್ಯವನ್ನು ಕಥೆಯಾಗಿಸುವ ಪದ್ಧತಿಯಿರಲಿಲ್ಲ. ಪುರಾಣಪಾತ್ರಗಳೇ ಅವನ ಮನಸ್ಸಿಗೆ ಬಾಯಿಯಾಗಬೇಕಾಗಿತ್ತು.

ಹತ್ತು ಆಶ್ವಾಸಗಳ ಗದಾಯುದ್ಧವು ಹೆಸರಿಗೆ ಸಾಹಸಭೀಮವಿಜಯ. ಚಾಳುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಹೊಗಳಿದ ಗ್ರಂಥ. ಆದರೂ ವಾಚಕರ ಕಣ್ಣೀರು ಹರಿಯುವುದು ದುರ್ಯೋಧನನ ಕಡೆಗೇ. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಇದನ್ನು ದುರಂತನಾಟಕವಾಗಿ ರೂಪಿಸಿದುದು ಸುಮ್ಮನೆ ಅಲ್ಲ. ಹೆಣಗಳ ನಡುವೆ ನಡೆಯುವ ಅರಸನು ದ್ರೋಣನಿಗಾಗಿ, ದುಶ್ಶಾಸನನಿಗಾಗಿ, ಮಗ ಲಕ್ಷಣನಿಗಾಗಿ ಅಳುವನು. ಶತ್ರುಪುತ್ರನಾದ ಅಭಿಮನ್ಯುವನ್ನೂ ಕೊಂಡಾಡುವನು. ಕರ್ಣನ ಕಳೇಬರವನ್ನು ಕಂಡಾಗಲಂತೂ ದುಃಖವು ಕಟ್ಟೊಡೆಯುತ್ತದೆ. ಕರ್ಣನು ಕುಂತಿಯ ಮಗನೆಂಬ ಗುಟ್ಟು ತನಗೂ ತಿಳಿದಿತ್ತೆಂದು ದುರ್ಯೋಧನನು ಅಲ್ಲಿ ಹೇಳುವನು. ಸೂತಪುತ್ರನೆಂದು ಜಗತ್ತು ಹಳಿದವನನ್ನು ಒಬ್ಬ ಅರಸನು ಗುಣವನ್ನು ನೋಡಿ ಅಂಗರಾಜನನ್ನಾಗಿ ಮಾಡಿದನು. ಆ ಋಣದ ಭಾರವನ್ನು ಬಳೆಗಾರರ ಕುಲದ ಕವಿಗಿಂತ ಚೆನ್ನಾಗಿ ಬಲ್ಲವರಾರು?

ಕರ್ಣನ ಹಿರಿಮೆಯನ್ನು ರನ್ನನಿಗಿಂತ ಮೊದಲೇ ಪಂಪನು ಹಾಡಿದ್ದನೆಂಬುದನ್ನು ಮರೆಯಲಾಗದು; ಗದಾಯುದ್ಧದ ಬೀಜವೂ ಪಂಪಭಾರತದಲ್ಲಿಯೇ ಇದೆ. ಆದರೆ ಪಂಪನಲ್ಲಿ ಕರ್ಣನ ಮೇಲಿನದು ಗೌರವ, ರನ್ನನಲ್ಲಿ ಬಂಧುಶೋಕ. ಇನ್ನು ರನ್ನನ ಆತ್ಮಪ್ರಶಂಸೆಯನ್ನು ಗರ್ವವೆಂದು ದೂರುವವರು ಅದರ ಉಪಮಾನಗಳನ್ನು ಗಮನಿಸಬೇಕು. ಭಂಡಾರ, ಅದರ ಮುದ್ರೆ, ರತ್ನಪರೀಕ್ಷೆ! ಇವೆಲ್ಲ ವ್ಯಾಪಾರಿಯ ಮನೆಯ ಮಾತುಗಳು.

ಕ್ರಿ.ಶ. 993ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ ಅಜಿತಪುರಾಣವು ಮುಗಿಯಿತು. ಅಷ್ಟರಲ್ಲಿ ರನ್ನನು ತೈಲಪನಿಂದ ಕವಿಚಕ್ರವರ್ತಿ ಬಿರುದನ್ನು ಪಡೆದಿದ್ದನು. ಅವನು ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ತನ್ನ ಪೋಷಕರ ಹೆಸರುಗಳನ್ನೇ ಇಟ್ಟನು.