ಎರಿ ನೆಲದ ಹದ ಮತ್ತು ಟೈರಿನ ಗಾಳಿ: ಹವ್ಯಾಸಿ ಆಟೊಕ್ರಾಸ್‌ನಲ್ಲಿ ಒತ್ತಡದ ಆಯ್ಕೆ, ಶಿಗ್ಲಿ ಸೀಮೆಯ ಹಿನ್ನೆಲೆಯಲ್ಲಿ

ಸಾರಾಂಶ

ಆಟೊಕ್ರಾಸ್ ಸ್ಪರ್ಧೆಗೆ ಟೈರಿನಲ್ಲಿ ಎಷ್ಟು ಗಾಳಿ ಇರಬೇಕೆಂದು ಕೇಳಿದರೆ ಉತ್ತರವಾಗಿ ಒಂದು ಅಂಕಿ ಸಿಗುತ್ತದೆ. ಅಂಥ ಅಂಕಿಗಳಲ್ಲಿ ಹೆಚ್ಚಿನವು ಡಾಂಬರು ನೆಲದ ಅನುಭವದಿಂದ ಬಂದವು. ಗದಗ ಜಿಲ್ಲೆಯ ಶಿಗ್ಲಿ ಸೀಮೆಯಲ್ಲಿ ಕಾಣುವ ಎರಿ (ಕಪ್ಪು) ಮತ್ತು ಮಸಾರಿ (ಕೆಂಪು) ಮಣ್ಣುಗಳನ್ನು ಎದುರಿಗಿಟ್ಟುಕೊಂಡು ಈ ಲೇಖನವು ಒಂದು ವಾದವನ್ನು ಮಂಡಿಸುತ್ತದೆ: ಮಣ್ಣಿನ ಅಂಟುಬಲ ಮತ್ತು ಘರ್ಷಣೆಗಳಲ್ಲಿ ಯಾವುದು ಮೇಲುಗೈ ಪಡೆದಿದೆ ಎಂಬುದನ್ನು ಗುರುತಿಸಿದ ಮೇಲೆಯೇ ಒತ್ತಡವನ್ನು ನಿರ್ಧರಿಸಬೇಕು. ಹವ್ಯಾಸಿ ಚಾಲಕರು ಕಡಿಮೆ ಖರ್ಚಿನಲ್ಲಿ ಅನುಸರಿಸಬಹುದಾದ ಪರೀಕ್ಷಾ ಕ್ರಮವೊಂದನ್ನೂ ಇಲ್ಲಿ ಸೂಚಿಸಲಾಗಿದೆ.

1. ಪೀಠಿಕೆ

ಆಟೊಕ್ರಾಸ್‌ನ ಸೊಗಸು ಅದರ ಸರಳತೆಯಲ್ಲಿದೆ. ಗುರುತಿಟ್ಟ ಚಿಕ್ಕ ಹಾದಿ, ಗಡಿಯಾರದ ವಿರುದ್ಧದ ಓಟ, ದಿನನಿತ್ಯ ಬಳಸುವ ಕಾರು. ಅಮೆರಿಕದಲ್ಲಿ ಇದು ವಾಹನ ನಿಲುಗಡೆಯ ಡಾಂಬರು ಅಂಗಳಗಳಲ್ಲಿ ಬೆಳೆಯಿತು. ಬ್ರಿಟನ್ನಿನಲ್ಲಿ ಹುಲ್ಲುಗಾವಲು ಮತ್ತು ಕೊಯ್ಲಾದ ಹೊಲಗಳು ಅದರ ಅಂಗಳವಾದವು. ನಮ್ಮಲ್ಲಿಯೂ ಮಣ್ಣಿನ ಅಂಗಳವೇ ರೂಢಿ. ಕರ್ನಾಟಕದಲ್ಲಿ ಕೊಡಗು ಮತ್ತು ಚಿಕ್ಕಮಗಳೂರು ಮೋಟಾರು ಕ್ರೀಡೆಯ ಹಳೆಯ ನೆಲೆಗಳು. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿ ದೇಶದ ಗಮನ ಸೆಳೆದಿದೆ.

ಉತ್ತರ ಕರ್ನಾಟಕದಲ್ಲಿ ಈ ಕ್ರೀಡೆಗೆ ತೀರ ಹತ್ತಿರದ ನಂಟು ಜಾತ್ರೆಗಳಲ್ಲಿ ನಡೆಯುವ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸಿ ವೇಗ ಮತ್ತು ಹತೋಟಿ ಎರಡನ್ನೂ ತೋರಿಸಬೇಕು. ಟ್ರೇಲರಿನ ಒಂದು ಪಕ್ಕದ ಗಾಲಿಯಲ್ಲಿ ಗಾಳಿ ಕಡಿಮೆಯಿದ್ದರೆ ಆ ಪಕ್ಕದ ಉರುಳು ತಡೆ ಹೆಚ್ಚಾಗುತ್ತದೆ, ಟ್ರೇಲರ್ ಅತ್ತ ವಾಲಲು ನೋಡುತ್ತದೆ. ಹಾಗಾಗಿ ಗಾಳಿಯ ಲೆಕ್ಕ ಈ ಸೀಮೆಗೆ ಹೊಸ ವಿಷಯವಾಗಲಾರದು. ಆ ತಿಳಿವಳಿಕೆಯನ್ನು ಶಾಸ್ತ್ರೀಯ ಚೌಕಟ್ಟಿನಲ್ಲಿಟ್ಟು ಕಾರಿನ ಓಟಕ್ಕೆ ಅನ್ವಯಿಸುವುದು ಈ ಲೇಖನದ ಉದ್ದೇಶ.

2. ನೆಲದ ಎರಡು ಸ್ವಭಾವ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ಎರಿ ಹೊಲವೂ ಉಂಟು, ಮಸಾರಿ ಹೊಲವೂ ಉಂಟು. ಎರಿಯಲ್ಲಿ ಜೇಡಿಯ ಪಾಲು ದೊಡ್ಡದು. ಅದರಲ್ಲಿರುವ ಸ್ಮೆಕ್ಟೈಟ್ ಗುಂಪಿನ ಖನಿಜಗಳು ನೀರು ಕುಡಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಹಿಂಗಾರಿ ಜೋಳ, ಕಡಲೆ, ಕುಸುಬೆಯ ರಾಶಿ ಮುಗಿದು ಹೊಲ ಬಯಲಾಗುವ ಹೊತ್ತಿಗೆ ಎರಿ ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಮೊದಲ ಮಳೆ ಬಿದ್ದರೆ ಅದೇ ನೆಲ ಗಾಲಿಗೆ ಮೆತ್ತಿಕೊಳ್ಳುವ ರಾಡಿಯಾಗುತ್ತದೆ. ಮಸಾರಿಯಲ್ಲಿ ಮರಳು ಮತ್ತು ಗರಸಿನ ಅಂಶ ಹೆಚ್ಚು. ನೀರು ಬೇಗ ಬಸಿಯುವುದರಿಂದ ಅದರ ವರ್ತನೆ ಋತುವಿನಿಂದ ಋತುವಿಗೆ ಅಷ್ಟಾಗಿ ಬದಲಾಗದು.

ಮಣ್ಣಿನ ಈ ಸ್ಥಿತ್ಯಂತರವನ್ನು ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಅಟರ್‌ಬರ್ಗ್ 1911ರಲ್ಲಿ ಅಳತೆಗೆ ತಂದರು. ಒದ್ದೆ ಮಣ್ಣನ್ನು ಅಂಗೈ ಕೆಳಗೆ ಹೊಸೆದಾಗ ಸುಮಾರು 3 ಮಿಲಿಮೀಟರ್ ದಪ್ಪದ ಎಳೆ ಪುಡಿಯಾಗುವ ತೇವಾಂಶವನ್ನು ಇಂದು ಸುಘಟ್ಯ ಮಿತಿ ಎನ್ನುತ್ತೇವೆ. ಕುಂಟೆ ಹೊಡೆಯುವ ಮುನ್ನ ರೈತ ಹಿಡಿ ಮಣ್ಣನ್ನು ಹಿಚುಕಿ ಹದ ನೋಡುವುದೂ ಇದೇ ಮಿತಿಯ ಸುತ್ತಲಿನ ಪರೀಕ್ಷೆ. ಆಟೊಕ್ರಾಸ್ ಚಾಲಕನಿಗೆ ಬೇಕಾದ ಮೊದಲ ಉಪಕರಣ ಇದೇ, ಅದಕ್ಕೆ ಖರ್ಚೂ ಇಲ್ಲ.

3. ಒತ್ತಡ ಮತ್ತು ಹಿಡಿತ: ಒಂದು ಲೆಕ್ಕ

ಮಣ್ಣು ಜಾರುವ ಮುನ್ನ ಎಷ್ಟು ತಳ್ಳುಬಲವನ್ನು ತಡೆಯುತ್ತದೆ ಎಂಬುದಕ್ಕೆ ಕೂಲಂಬ್ ಸೂತ್ರ ಆಧಾರ. ಎಂ. ಜಿ. ಬೆಕ್ಕರ್ 1956ರಲ್ಲಿ ಪ್ರಕಟಿಸಿದ ಭೂಚಲನ ಸಿದ್ಧಾಂತದ ಗ್ರಂಥ ಈ ಬಗೆಯ ವಿಚಾರವನ್ನು ಮಣ್ಣಿನ ಮೇಲೆ ಓಡುವ ವಾಹನಗಳಿಗೆ ವಿಸ್ತಾರವಾಗಿ ಅನ್ವಯಿಸಿತು. ಸರಳವಾಗಿ ಹೇಳುವುದಾದರೆ ಗರಿಷ್ಠ ಹಿಡಿತ ಎರಡು ಭಾಗಗಳ ಮೊತ್ತ. ಮೊದಲನೆಯದು, ಟೈರು ನೆಲಕ್ಕೆ ತಾಗಿದ ವಿಸ್ತೀರ್ಣ ಮತ್ತು ಮಣ್ಣಿನ ಅಂಟುಬಲದ ಗುಣಲಬ್ಧ. ಎರಡನೆಯದು, ಗಾಲಿಯ ಮೇಲಿನ ಭಾರ ಮತ್ತು ಘರ್ಷಣ ಕೋನದ ಟ್ಯಾಂಜೆಂಟಿನ ಗುಣಲಬ್ಧ. ಟೈರಿನ ಗಾಳಿ ಮುಖ್ಯವಾಗಿ ಮೊದಲ ಭಾಗವನ್ನು ಬದಲಿಸುತ್ತದೆ.

ಸಣ್ಣ ಕಾರೊಂದರ ಮುಂದಿನ ಗಾಲಿಯ ಮೇಲೆ 240 ಕಿಲೋಗ್ರಾಂ ಭಾರವಿದೆ ಎನ್ನೋಣ. ಟೈರಿನ ಪಕ್ಕೆ ಹೊರುವ ಪಾಲನ್ನು ಬದಿಗಿಟ್ಟರೆ, 30 ಪಿಎಸ್‌ಐ ಒತ್ತಡದಲ್ಲಿ ತಾಗುವ ವಿಸ್ತೀರ್ಣ ಸುಮಾರು 114 ಚದರ ಸೆಂಟಿಮೀಟರ್. 22 ಪಿಎಸ್‌ಐಗೆ ಇಳಿಸಿದರೆ ಅದು 155ಕ್ಕೆ ಏರುತ್ತದೆ.

ಹದವಾಗಿ ತೇವವಿರುವ ಜೇಡಿಗೆ ಉದಾಹರಣೆಯಾಗಿ 20 ಕಿಲೋಪ್ಯಾಸ್ಕಲ್ ಅಂಟುಬಲ, 10 ಡಿಗ್ರಿ ಘರ್ಷಣ ಕೋನ ಇಟ್ಟುಕೊಂಡರೆ ಹಿಡಿತ 643 ನ್ಯೂಟನ್‌ನಿಂದ 725 ನ್ಯೂಟನ್‌ಗೆ, ಅಂದರೆ ಸುಮಾರು ಶೇ 13ರಷ್ಟು ಹೆಚ್ಚುತ್ತದೆ. ಗರಸು ನೆಲಕ್ಕೆ 2 ಕಿಲೋಪ್ಯಾಸ್ಕಲ್ ಮತ್ತು 30 ಡಿಗ್ರಿ ಎಂದು ಹಿಡಿದರೆ ಅದೇ ಬದಲಾವಣೆಯಿಂದ ಸಿಗುವ ಲಾಭ ಶೇ 1ಕ್ಕಿಂತ ಕಡಿಮೆ. ಈ ಬೆಲೆಗಳು ವಿವರಣೆಗಾಗಿ ಊಹಿಸಿಕೊಂಡವು. ಆದರೂ ಅವು ತೋರಿಸುವ ದಿಕ್ಕು ಸ್ಪಷ್ಟ: ಗಾಳಿ ಇಳಿಸುವುದರ ಫಲ ತೇವದ ಎರಿಯಲ್ಲಿ ದೊಡ್ಡದು, ಗರಸಿನಲ್ಲಿ ಅತ್ಯಲ್ಪ. ಒಂದು ಹೊಲದಲ್ಲಿ ಗೆದ್ದವನ ಅಂಕಿ ಪಕ್ಕದ ಹೊಲದಲ್ಲಿ ಕೆಲಸ ಮಾಡದಿರುವುದಕ್ಕೆ ಕಾರಣವೂ ಇದೇ.

ತೇವ ಇನ್ನೂ ಏರಿದರೆ ಲೆಕ್ಕ ಕುಸಿಯುತ್ತದೆ. ಅಂಟುಬಲ ಇಳಿಯುತ್ತದೆ, ಜೇಡಿ ಟೈರಿನ ತೋಡುಗಳಲ್ಲಿ ತುಂಬಿಕೊಂಡು ರಬ್ಬರು ನುಣುಪಾದ ಉರುಳೆಯಾಗುತ್ತದೆ. ಆಗ ಎಷ್ಟು ಗಾಳಿ ಇಟ್ಟರೂ ಉಪಯೋಗವಿಲ್ಲ.

4. ಇಳಿಸುವುದಕ್ಕಿರುವ ಮಿತಿ

ಹಿಡಿತವೊಂದೇ ಗುರಿಯಾಗಿದ್ದರೆ ಗಾಳಿಯನ್ನು ಇಳಿಸುತ್ತಲೇ ಹೋಗಬಹುದಿತ್ತು. ಆದರೆ ತಿರುವಿನಲ್ಲಿ ಟೈರಿನ ಮೇಲೆ ಅಡ್ಡಬಲ ಬೀಳುತ್ತದೆ. ಗಾಳಿ ಕಡಿಮೆಯಾದರೆ ಟ್ರೆಡ್ ನೆಲದಲ್ಲಿ ಉಳಿದು ಪಕ್ಕೆ ಮಡಚುತ್ತದೆ, ಸ್ಟೀರಿಂಗ್ ತಿರುಗಿಸಿದ್ದಕ್ಕೂ ಕಾರು ತಿರುಗುವುದಕ್ಕೂ ನಡುವೆ ತಡವಾಗುತ್ತದೆ. ಇನ್ನೂ ಇಳಿಸಿದರೆ ರಿಮ್ಮಿಗೆ ಕಚ್ಚಿಕೊಂಡ ಟೈರಿನ ಅಂಚು ಸಡಿಲಗೊಂಡು ಟ್ಯೂಬ್‌ಲೆಸ್ ಟೈರು ಒಮ್ಮೆಲೇ ಗಾಳಿ ಕಳೆದುಕೊಳ್ಳಬಹುದು. ಒಣ ಎರಿಯಲ್ಲಿ ಈ ಅಪಾಯ ಹೆಚ್ಚು. ಬಿರುಕಿನ ಅಂಚು ಮತ್ತು ಗಟ್ಟಿ ಹೆಂಟೆಗಳು ಪಕ್ಕೆಯನ್ನು ರಿಮ್ಮಿಗೆ ಒತ್ತಿ ಕತ್ತರಿಸುತ್ತವೆ.

ಮುಂದಿನ ಗಾಲಿಗಳಿಂದ ಓಡುವ ಸಣ್ಣ ಕಾರುಗಳಿಗೆ ಮತ್ತೊಂದು ವಿಚಾರವಿದೆ. ಎಳೆಯುವ ಮತ್ತು ತಿರುಗಿಸುವ ಎರಡೂ ಕೆಲಸ ಮುಂದಿನ ಟೈರುಗಳ ಪಾಲಿಗೆ ಬರುವುದರಿಂದ ತಿರುವಿನಲ್ಲಿ ಮೂತಿ ಹೊರಕ್ಕೆ ಸರಿಯುತ್ತದೆ. ಹಿಂದಿನ ಗಾಲಿಗಳ ಗಾಳಿಯನ್ನು ಸ್ವಲ್ಪ ಏರಿಸಿದರೆ ಹಿಂಭಾಗ ಸಡಿಲಾಗಿ ಕಾರು ಬೇಗ ತಿರುಗುತ್ತದೆ. ಹೊಸ ಚಾಲಕರು ಇದನ್ನು ಮಿತವಾಗಿ ಬಳಸಬೇಕು. ಹಿಂಭಾಗ ಒಮ್ಮೆ ಜಾರಿದರೆ ಹತೋಟಿಗೆ ತರುವುದು ಸುಲಭದ ಮಾತಲ್ಲ.

5. ಬಿಸಿಲಿನ ಪ್ರಭಾವ

ಮುಚ್ಚಿದ ಗಾಳಿಯ ಒತ್ತಡ ನಿರಪೇಕ್ಷ ಉಷ್ಣತೆಯೊಡನೆ ಏರುತ್ತದೆ. ಏಪ್ರಿಲ್ ಬೆಳಗಿನ 24 ಡಿಗ್ರಿಯಲ್ಲಿ 28 ಪಿಎಸ್‌ಐ ತುಂಬಿದ ಟೈರು ಮಧ್ಯಾಹ್ನ 38 ಡಿಗ್ರಿ ಮುಟ್ಟಿದಾಗ, ಓಡದೆ ನಿಂತಿದ್ದರೂ, ಸುಮಾರು 30 ತೋರಿಸುತ್ತದೆ. ಬಿಸಿಲಿಗೆ ತೆರೆದ ಪಕ್ಕದ ಗಾಲಿಗಳು ನೆರಳಿನ ಪಕ್ಕದವುಗಳಿಗಿಂತ ಹೆಚ್ಚು ಕಾಯುತ್ತವೆ. ಆದ್ದರಿಂದ ಕಾರನ್ನು ನೆರಳಲ್ಲಿ ನಿಲ್ಲಿಸಿ, ತಣ್ಣಗಿರುವಾಗ, ಪ್ರತಿ ಸಲವೂ ಒಂದೇ ಮಾಪಕದಿಂದ ಅಳೆಯಬೇಕು. ಬೇರೆ ಬೇರೆ ಪಂಕ್ಚರ್ ಅಂಗಡಿಗಳ ಮಾಪಕಗಳು ಒಂದಕ್ಕೊಂದು ಹೊಂದದಿದ್ದರೆ ಓಟಗಳ ನಡುವಿನ ಹೋಲಿಕೆಯೇ ಅರ್ಥ ಕಳೆದುಕೊಳ್ಳುತ್ತದೆ.

6. ಪರೀಕ್ಷೆಯ ಕ್ರಮ

ಕಾರಿನ ಬಾಗಿಲ ಚೌಕಟ್ಟಿನ ಮೇಲೆ ತಯಾರಕರು ಅಂಟಿಸಿದ ಚೀಟಿಯ ಅಂಕಿಯಿಂದ ಆರಂಭಿಸಬೇಕು. ಟ್ರೆಡ್ ಮುಗಿದು ಪಕ್ಕೆ ಶುರುವಾಗುವ ಅಂಚಿಗೆ ಸೀಮೆಸುಣ್ಣ ಬಳಿದು ಓಡಿಸಬೇಕು. ಸುಣ್ಣ ಪಕ್ಕೆಯವರೆಗೂ ಅಳಿಸಿದ್ದರೆ ಗಾಳಿ ಕಡಿಮೆ, ಟ್ರೆಡ್ಡಿನ ಅಂಚನ್ನೂ ಮುಟ್ಟದಿದ್ದರೆ ಹೆಚ್ಚು. ಗಟ್ಟಿ ನೆಲದಲ್ಲಿ ಈ ಗುರುತು ನಂಬಿಕೆಗೆ ಅರ್ಹ. ಮೆದು ನೆಲದಲ್ಲಿ ಮಣ್ಣೇ ಪಕ್ಕೆಗೆ ಉಜ್ಜುವುದರಿಂದ ಅದನ್ನೊಂದನ್ನೇ ನೆಚ್ಚಬಾರದು.

ಒಂದು ಸಲಕ್ಕೆ ಒಂದೇ ಅಚ್ಚಿನ ಎರಡು ಗಾಲಿಗಳಲ್ಲಿ, 2 ಪಿಎಸ್‌ಐನಷ್ಟೇ ಬದಲಾಯಿಸಬೇಕು. ಹವ್ಯಾಸಿಗಳ ಪರೀಕ್ಷೆ ಹೆಚ್ಚಾಗಿ ದಾರಿ ತಪ್ಪುವುದು ಮುಂದಿನ ಹಂತದಲ್ಲಿ. ಎರಡನೆಯ ಓಟದಲ್ಲಿ ಸಮಯ ಇಳಿದರೆ ಹೊಸ ಒತ್ತಡಕ್ಕೆ ಅದರ ಶ್ರೇಯ ಕೊಡುತ್ತಾರೆ. ಅಷ್ಟರಲ್ಲಿ ಚಾಲಕ ಹಾದಿಯನ್ನು ಕಲಿತಿರುತ್ತಾನೆ, ಮೇಲಿನ ಧೂಳು ಸರಿದು ಗಟ್ಟಿ ಪದರ ತೆರೆದಿರುತ್ತದೆ. ಇವನ್ನು ಬೇರ್ಪಡಿಸಲು ಮೊದಲ ಒತ್ತಡ, ಹೊಸ ಒತ್ತಡ, ಮರಳಿ ಮೊದಲ ಒತ್ತಡ ಎಂಬ ಮೂರು ಹಂತಗಳ ಓಟ ಅಗತ್ಯ. ಹೊಸ ಒತ್ತಡದ ಸಮಯ ಅದರ ಹಿಂದಿನ ಮತ್ತು ಮುಂದಿನ ಎರಡೂ ಓಟಗಳಿಗಿಂತ ಉತ್ತಮವಾಗಿದ್ದರೆ ಮಾತ್ರ ಅದನ್ನು ಒಪ್ಪಬೇಕು. ದಾಖಲೆಯಲ್ಲಿ ಸಮಯ ಮತ್ತು ಒತ್ತಡದ ಜೊತೆ ಮಣ್ಣಿನ ಬಗೆ, ಹದ, ಗಾಳಿಯ ಉಷ್ಣತೆಗಳೂ ಇರಬೇಕು.

ಈ ಕ್ರಮಕ್ಕೆ ಆರಂಭಬಿಂದುವಾಗಿ ಹೀಗೆ ಪ್ರಸ್ತಾಪಿಸಬಹುದು. ಹೆಂಟೆ ಒಡೆದು ಸಮಗೊಳಿಸಿದ ಒಣ ಎರಿಗೆ ಚೀಟಿಯ ಅಂಕಿ ಅಥವಾ ಅದಕ್ಕಿಂತ 2ರಿಂದ 4 ಪಿಎಸ್‌ಐ ಹೆಚ್ಚು. ಮಸಾರಿ ಮತ್ತು ಗರಸಿಗೆ ಚೀಟಿಯ ಅಂಕಿಯ ಆಸುಪಾಸು. ಹದದ ಎರಿಗೆ 4ರಿಂದ 6 ಕಡಿಮೆ, ಆದರೆ ಸಣ್ಣ ಕಾರಿನಲ್ಲಿ 22ಕ್ಕಿಂತ ಕೆಳಗೆ ಬೇಡ.

7. ಉಪಸಂಹಾರ

ಹದ ಮೀರಿ ಹಸಿಯಾದ ಎರಿಯ ಮೇಲೆ ಓಟವನ್ನೇ ಇಟ್ಟುಕೊಳ್ಳಬಾರದು. ಹಿಡಿತ ಸಿಗದಿರುವುದು ಚಿಕ್ಕ ಕಾರಣ. ಹಸಿ ಜೇಡಿಯ ಮೇಲೆ ಗಾಲಿ ಉರುಳಿದರೆ ಮಣ್ಣಿನ ರಂಧ್ರಗಳು ಮುಚ್ಚಿ ನೀರು ಇಳಿಯುವುದು, ಬೇರು ಚಾಚುವುದು ಕಷ್ಟವಾಗುತ್ತದೆ. ಮಳೆಯನ್ನೇ ನೆಚ್ಚಿದ ಹೊಲಕ್ಕೆ ಅದು ದೊಡ್ಡ ನಷ್ಟ. ಒಂದು ದಿನದ ಆಟಕ್ಕೆ ಒಂದು ಹಂಗಾಮಿನ ಬೆಳೆಯನ್ನು ಒತ್ತೆಯಿಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ, ಇದೇ ಜಿಲ್ಲೆಯ ಕಪ್ಪತಗುಡ್ಡದ ಮಣ್ಣೂ ಇಂಥ ಓಟಗಳಿಂದ ದೂರವೇ ಉಳಿಯಬೇಕು.

ಮುಂದಿನ ಕೆಲಸ ಅಳತೆಯದು. ಎರಿ ಮತ್ತು ಮಸಾರಿಗಳ ಅಂಟುಬಲ ಹಾಗೂ ಘರ್ಷಣ ಕೋನಗಳನ್ನು ಬೇರೆ ಬೇರೆ ತೇವಾಂಶಗಳಲ್ಲಿ ಅಳೆದು, ಟೈರಿನ ಒತ್ತಡಕ್ಕೆ ಹೊಂದಿಸಿದ ಪಟ್ಟಿಯೊಂದು ಕನ್ನಡದಲ್ಲಿ ಸಿದ್ಧವಾಗಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಗಳು ಇದನ್ನು ಕೈಗೆತ್ತಿಕೊಳ್ಳಲು ಸೂಕ್ತ ಸಂಸ್ಥೆಗಳು. ಅಂಥ ಪಟ್ಟಿ ಆಟೊಕ್ರಾಸ್ ಚಾಲಕನಿಗೆ ಎಷ್ಟು ಉಪಯುಕ್ತವೋ, ವರ್ಷವಿಡೀ ಒಂದೇ ಗಾಳಿಯಲ್ಲಿ ಟ್ರ್ಯಾಕ್ಟರ್ ಓಡಿಸುವ ಶಿಗ್ಲಿಯ ರೈತನಿಗೆ ಅದಕ್ಕಿಂತ ಹೆಚ್ಚು ಉಪಯುಕ್ತವಾದೀತು.