ಎರೆಸೀಮೆಯ ಗುಡ್ಡಗಳೂ ತಂತಿಯಿಲ್ಲದ ಮಾತೂ

ಉಮರ್ಗಾದಿಂದ ನಿಲಂಗಾಕ್ಕೂ ಅಲ್ಲಿಂದ ಉದಗಿರಕ್ಕೂ, ಮಳೆ ಹಿಂದೆಗೆದು ಹಿಂಗಾರಿ ಜೋಳವನ್ನು ಬಿತ್ತುವ ದಿನಗಳಲ್ಲಿ ಪ್ರಯಾಣ ಮಾಡಿದವರಿಗೆ, ಈ ಎರೆಭೂಮಿ ಎಷ್ಟು ದೂರ ಸಮತಟ್ಟಾಗಿ ಹಾಸಿಕೊಂಡಿದೆಯೆಂಬುದೂ, ಅದರ ನಡುವೆ ತಲೆಯೆತ್ತಿದ ಒಂದು ಸಾಮಾನ್ಯ ಗುಡ್ಡವು ಎಂತಹ ಘನತೆಯನ್ನು ಪಡೆಯುತ್ತದೆಯೆಂಬುದೂ ತಾನಾಗಿಯೇ ತಿಳಿದುಬರುವುದು. ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದಲ್ಲಿರುವ ಈ ಪ್ರಸ್ಥಭೂಮಿಯಲ್ಲಿ ಸಹ್ಯಾದ್ರಿಯ ಶಿಖರಗಳನ್ನು ಅರಸುವುದು ವ್ಯರ್ಥ. ಇಲ್ಲಿರುವುದು ಖರೋಸೆಯ ಗುಡ್ಡ, ತನ್ನ ಒಡಲಲ್ಲಿ ಪ್ರಾಚೀನ ಗುಹಾಲಯಗಳನ್ನು ತಾಳಿರುವಂಥದು. ಉದಗಿರದ ಬಳಿಯಲ್ಲಿ ದೇವರ್ಜನದ ಹತ್ತಿಬೇಟ. ಆ ‘ಬೇಟ’ದ ಮೂಲವನ್ನು ಪಂಡಿತರು ಹೇಗೆ ನಿರ್ಣಯಿಸಿದರೂ, ಕನ್ನಡಿಗನ ಕಿವಿಗೆ ಅದರಲ್ಲಿ ನಮ್ಮ ‘ಬೆಟ್ಟ’ವೇ ಕೇಳಿಸುತ್ತದೆ, 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯನ್ನು ಸೀಳಿ ನಿಲಂಗಾ, ಉದಗಿರಗಳನ್ನು ಮರಾಠವಾಡೆಗೆ ಸೇರಿಸಿದ ಗೆರೆಯು ಈ ಕಿವಿಯನ್ನು ಬದಲಿಸಲಾರದೆ ಹೋಯಿತು.

ಇಂತಹ ಗುಡ್ಡಗಳನ್ನು ಕುರಿಗಾಹಿಯು ಮೇವಿಗಾಗಿ ಹತ್ತಿದನು, ಭಕ್ತನು ದೇವರಿಗಾಗಿ ಹತ್ತಿದನು. ದೂರದಲ್ಲಿರುವ ಇನ್ನೊಬ್ಬನಿಗೆ ಸಂಕೇತ ಕಳುಹಿಸುವುದಕ್ಕೆಂದೇ ಈ ಭಾಗದ ಎತ್ತರಗಳನ್ನು ಶಾಸ್ತ್ರೋಕ್ತವಾಗಿ ಆರಿಸಿ ಹತ್ತಿದವರಾದರೋ ವಿಲಿಯಂ ಲ್ಯಾಂಬ್ಟನನ ಭೂಮಾಪಕರು. ಕನ್ಯಾಕುಮಾರಿಯಿಂದ ಉತ್ತರಕ್ಕೆ ಎಳೆದ ಮಹಾರೇಖೆಗಾಗಿ ಅವನು 1815ರಲ್ಲಿ ಬೀದರಿನ ಸಮೀಪದಲ್ಲಿ ಒಂದು ಆಧಾರರೇಖೆಯನ್ನು ಅಳೆಸಿದನು. ಅಲ್ಲಿಯ ದಾಮರಗಿಡ್ಡದ ಹೆಸರು ಭೂಮಿಯ ಆಕಾರವನ್ನು ಗಣಿಸುವ ಗ್ರಂಥಗಳಲ್ಲಿ ನೆಲೆಯಾಗಿ ನಿಂತಿತು. ಅರ್ಧ ಟನ್ನಿನಷ್ಟು ಭಾರವಾದ ಥಿಯೊಡೊಲೈಟ್ ಯಂತ್ರವನ್ನು ಆಳುಗಳು ಹೊತ್ತು ಎತ್ತರಕ್ಕೆ ಸಾಗಿಸಬೇಕು. ಹತ್ತಾರು ಮೈಲಿ ಆಚೆಯ ಗುಡ್ಡದ ಮೇಲೆ ಧ್ವಜವನ್ನೋ, ರಾತ್ರಿಯಾದರೆ ನೀಲಿಯ ಬೆಂಕಿಯನ್ನೋ ಹಿಡಿದ ಸಹಾಯಕನು ಗಂಟೆಗಟ್ಟಲೆ ಕಾಯಬೇಕು. ಮುಂದೆ ಅವನ ಉತ್ತರಾಧಿಕಾರಿಯಾದ ಎವರೆಸ್ಟನು ಸೂರ್ಯನ ಕಿರಣವನ್ನು ಕನ್ನಡಿಯಿಂದ ಹಾಯಿಸುವ ಹೀಲಿಯೊಟ್ರೋಪನ್ನು ಬಳಕೆಗೆ ತಂದನು. ಒಂದು ಎತ್ತರದಿಂದ ಮತ್ತೊಂದು ಎತ್ತರಕ್ಕೆ ಅಡ್ಡಿಯಿಲ್ಲದ ದೃಷ್ಟಿರೇಖೆ ಇರಬೇಕೆಂಬುದೊಂದೇ ಅವರ ಸಕಲ ಪ್ರಯಾಸದ ತಿರುಳಾಗಿತ್ತು.

ಶತಮಾನ ಕಳೆದು ಬಂದ ಹವ್ಯಾಸಿ ರೇಡಿಯೋದವನು, ಜನರು ‘ಹ್ಯಾಮ್’ ಎಂದು ಕರೆಯುವವನು, ಇದೇ ನಿಯಮಕ್ಕೆ ಅಧೀನನು. ಹವ್ಯಾಸಿಗಳಿಗೆ ಮೀಸಲಾದ 144 ಮೆಗಾಹರ್ಟ್ಸಿನ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಚಲಿಸುವುವು. ಎರೆಹೊಲದಲ್ಲಿ ನಿಂತು ಕೈಸೆಟ್ಟನ್ನು ಹಿಡಿದವನ ಏರಿಯಲ್ಲು ನೆಲದಿಂದ 2 ಮೀಟರು ಮೇಲಿದ್ದರೆ ಅದರ ರೇಡಿಯೋ ಕ್ಷಿತಿಜವು 6 ಕಿಲೋಮೀಟರನ್ನು ಮುಟ್ಟದು. ಅವನೇ 100 ಮೀಟರಿನ ಗುಡ್ಡವನ್ನು ಏರಿದರೆ ಅದು 40 ಕಿಲೋಮೀಟರನ್ನು ದಾಟುವುದು. ಇನ್ನೂ ದೂರ ಬೇಕೆನ್ನುವವನು 7 ಮೆಗಾಹರ್ಟ್ಸಿಗೆ ಇಳಿದು, ಸುಮಾರು 20 ಮೀಟರಿನ ತಾಮ್ರದ ತಂತಿಯನ್ನು ಒಂದು ಬಿದಿರುಗಳುವಿನ ತುದಿಯಿಂದ ಎರಡು ಕಡೆಗೂ ಇಳಿಬಿಟ್ಟು, ಅಯಾನಮಂಡಲದಿಂದ ಮರಳುವ ಅಲೆಯನ್ನು ನೆಚ್ಚುವನು. ಮೋಟಾರಿನ 12 ವೋಲ್ಟಿನ ಬ್ಯಾಟರಿ, ಅಂಗೈಯಗಲದ ಯಂತ್ರ, 5 ವ್ಯಾಟಿನ ಶಕ್ತಿ: ಲ್ಯಾಂಬ್ಟನನ ಆಳುಗಳ ಹೊರೆಯನ್ನು ನೆನೆದಾಗ, ಒಬ್ಬ ಮನುಷ್ಯನ ಬೆನ್ನಚೀಲದಲ್ಲಿ ಅಡಗುವ ಈ ಸಾಮಗ್ರಿ ನನಗೆ ನಿಜವಾಗಿಯೂ ವಿಸ್ಮಯವನ್ನು ಉಂಟುಮಾಡುತ್ತದೆ.

ಈ ಹವ್ಯಾಸವು ನಮ್ಮ ದೇಶದಲ್ಲಿ 1921ರಿಂದ ಇದೆ; ಆ ವರ್ಷ ಅಮರೇಂದ್ರ ಚಂದ್ರ ಗುಪ್ತರಿಗೆ ಮೊದಲ ಪರವಾನಗಿ ದೊರೆಯಿತು. ಕನ್ನಡ ನಾಡಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 30 ವ್ಯಾಟಿನ ಪ್ರೇಷಕದ ಮೂಲಕ ಪ್ರಸಾರವನ್ನು ಆರಂಭಿಸಿದುದು, ಅಧಿಕಾರದಿಂದಲ್ಲ, ಆಸಕ್ತಿಯಿಂದ ಹುಟ್ಟಿದ ಸಾಹಸ. ಆದುದರಿಂದ ಅದನ್ನು ಈ ಪರಂಪರೆಗೆ ಬಂಧುವೆಂದು ನಾನು ಭಾವಿಸುತ್ತೇನೆ. 1939ರಲ್ಲಿ ಯುದ್ಧ ಮೊದಲಾದಾಗ ಹವ್ಯಾಸಿಗಳು ತಮ್ಮ ಪ್ರೇಷಕಗಳನ್ನು ಪೊಲೀಸರಿಗೆ ಒಪ್ಪಿಸಬೇಕಾಯಿತು. ಸ್ವಾತಂತ್ರ್ಯಾನಂತರ, 1948ರ ಮೇ 15ರಂದು, ಮ್ಹೌ ನಗರದ ಸೈನಿಕ ಸಂಕೇತಶಾಲೆಯಲ್ಲಿ ಅವರ ಸಂಘವು ಸ್ಥಾಪಿತವಾಯಿತು. ಮುಂದಿನ ಎರಡು ದಶಕಗಳಲ್ಲಿ ಸೇನೆಯು ತೊರೆದ ಹಳೆಯ ವಾಲ್ವ್ ಸೆಟ್ಟುಗಳೇ ನಮ್ಮ ಹವ್ಯಾಸಿಗಳಿಗೆ ಆಧಾರವಾದುವು. ಆಮದು ಸುಂಕವು 1984ರಲ್ಲಿ ತೆರವಾದ ಮೇಲೆ ಹಗುರವಾದ ಯಂತ್ರಗಳು ಕೈಗೆಟುಕಿದುವು. ಗುಡ್ಡ ಹತ್ತುವ ಹವ್ಯಾಸವು ಸುಲಭವಾದುದು ಆಮೇಲೆಯೇ.

ಅದಕ್ಕೂ ಒಂದು ಪರೀಕ್ಷೆಯ ದಿನ ಬಂದಿತು, ಇದೇ ಸೀಮೆಯಲ್ಲಿ. 1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ಊರೂರುಗಳಲ್ಲಿ ಗಣಪತಿಯನ್ನು ನೀರಿಗೆ ಬಿಟ್ಟು, ದಣಿದು, ತಡವಾಗಿ ಮಲಗಿದ ಜನರ ಮೇಲೆ, 30ರ ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ, ಅವರು ತಲೆತಲಾಂತರದಿಂದ ಕಟ್ಟಿಕೊಂಡು ಬಂದ ಕಲ್ಲುಮಣ್ಣಿನ ದಪ್ಪ ಗೋಡೆಗಳೂ, ಬೇಸಗೆಯ ತಾಪವನ್ನು ತಡೆಯಲೆಂದು ಮಣ್ಣು ಹೇರಿದ ಮಾಳಿಗೆಗಳೂ ಕುಸಿದು ಬಿದ್ದುವು. ತೇರಣಾ ನದಿಯ ಇಕ್ಕೆಲದ ಕಿಲ್ಲಾರಿ, ಸಾಸ್ತೂರು, ಹೋಳಿ, ಮಂಗರೂಳು, ಪೇಠ ಸಾಂಗವಿ ಮೊದಲಾದ ಊರುಗಳು ನೆಲಸಮವಾದುವು; ಸುಮಾರು ಹತ್ತು ಸಾವಿರ ಜನ ಮಡಿದರು. ಸ್ಥಿರವೆಂದು ನಂಬಿದ್ದ ದಖ್ಖನಿನ ಶಿಲಾಪೀಠವು 6.2ರ ಪ್ರಮಾಣದಲ್ಲಿ ನಡುಗಿದುದನ್ನು ಕಂಡು ಭೂವಿಜ್ಞಾನಿಗಳೇ ಬೆರಗಾದರು.

ದೇಶದಲ್ಲಿ ಕೈಫೋನು ಬಳಕೆಗೆ ಬರಲು ಇನ್ನೂ ಎರಡು ವರ್ಷಗಳಿದ್ದುವು. ಹಳ್ಳಿಗೆ ಒಂದು ದೂರವಾಣಿಯಿದ್ದರೆ ಅದೇ ಭಾಗ್ಯ. ಕುಸಿದ ಊರಿನಲ್ಲಿ ಅದರಿಂದ ಏನು ಪ್ರಯೋಜನ! ಹವ್ಯಾಸಿ ರೇಡಿಯೋದವರು ಪೀಡಿತ ಪ್ರದೇಶಕ್ಕೆ ಬಂದು, ಬ್ಯಾಟರಿಯನ್ನು ಹೂಡಿ, ಏರಿಯಲ್ಲನ್ನು ಎತ್ತಿ, ತುರ್ತು ಸಂದೇಶಗಳನ್ನು ಸಾಗಿಸುವ ಸೇವೆಗೆ ನಿಂತರು. ಉಮರ್ಗಾದಿಂದ ಕಿಲ್ಲಾರಿಗೆ ನೇರಗೆರೆಯಲ್ಲಿ ಸುಮಾರು 25 ಕಿಲೋಮೀಟರು. ಬಯಲಿನಲ್ಲಿ ನಿಂತ ಇಬ್ಬರ ಕೈಸೆಟ್ಟುಗಳ ಕ್ಷಿತಿಜಗಳು ಒಂದನ್ನೊಂದು ತಾಕಲಾರದ ದೂರ. ಇಂತಹ ಕಡೆ ಒಂದು ಎತ್ತರದ ನೆಲೆಯನ್ನು ಆರಿಸಬಲ್ಲ, ಹದಿನೈದು ನಿಮಿಷಗಳಲ್ಲಿ ತಂತಿಯನ್ನು ಹರಡಬಲ್ಲ ಕೈಗಳು ಹೇಗೆ ಪಳಗಿರುತ್ತವೆ? ರಜಾದಿನಗಳಲ್ಲಿ ಯಾವ ಲಾಭವನ್ನೂ ಬಯಸದೆ ಗುಡ್ಡ ಹತ್ತಿ ಅಪರಿಚಿತರಿಗೆ ಕರೆ ಕೊಟ್ಟು ಕೊಟ್ಟು ಪಳಗಿರುತ್ತವೆ. ಅಮೆರಿಕದ ಹವ್ಯಾಸಿಗಳು 1933ರಿಂದ ವರ್ಷಕ್ಕೊಮ್ಮೆ ಬಯಲಿನಲ್ಲಿ ಬೀಡುಬಿಟ್ಟು ಇದೇ ಅಭ್ಯಾಸವನ್ನು ನಡೆಸುತ್ತ ಬಂದಿರುವರು. ಶಿಖರಗಳನ್ನೇರಿ ಅಲ್ಲಿಂದ ಮಾತಾಡುವ ಪರಿಪಾಠವು 2002ರಲ್ಲಿ ಬ್ರಿಟನ್ನಿನಲ್ಲಿ ಕ್ರಮಬದ್ಧವಾದ ಯೋಜನೆಯಾಗಿ ರೂಪುಗೊಂಡು ಅನೇಕ ದೇಶಗಳಿಗೆ ಹಬ್ಬಿತು.

ಗದ್ದಲದ ನಡುವೆ ಊರಿನ ಹೆಸರು ತಪ್ಪಾಗಿ ಕೇಳಿಸಿದರೆ ಔಷಧವು ಬೇರೆ ಊರಿಗೆ ಹೋದೀತು. ಆದುದರಿಂದ ಈ ಹವ್ಯಾಸಿಗಳು ಹೆಸರನ್ನು ಒಮ್ಮೆಗೇ ಉಚ್ಚರಿಸದೆ, ಪ್ರಪಂಚದ ಎಲ್ಲ ರೇಡಿಯೋ ನೆಲೆಗಳಿಗೂ ಸಮಾನವಾದ ಸಂಕೇತಪದಗಳಿಂದ ಒಂದೊಂದು ರೋಮನ್ ಅಕ್ಷರವನ್ನೂ ಬಿಡಿಸಿ ಹೇಳುವರು, ಆಚೆಯವನು ಬರೆದುಕೊಂಡು ಹಾಗೆಯೇ ಮರಳಿ ಒಪ್ಪಿಸುವವರೆಗೆ ಕಾಯುವರು. ಆ ಕ್ರಮದಲ್ಲಿ ಕಿಲ್ಲಾರಿ ಎಂಬ ಊರು ಅಲೆಗಳ ಮೇಲೆ ಸಾಗುವುದು ಹೀಗೆ: ಕಿಲೋ, ಇಂಡಿಯಾ, ಲಿಮಾ, ಲಿಮಾ, ಆಲ್ಫಾ, ರೋಮಿಯೋ, ಇಂಡಿಯಾ.